50 ಅಡಿ ದೂರ ನಿಲ್ಲಿಸಿ

ನಿಮ್ಮ ಕಾರನ್ನು ಬೇರೆ ಗಾಡಿಗಳಿಂದ 50 ಅಡಿ ದೂರ ನಿಲ್ಲಿಸಿ. ರಾತ್ರಿಯಿಡೀ ಮನೆಯೊಳಗೆ ಚಾರ್ಜಿಗೆ ಹಾಕಿಡಬೇಡಿ. ಚಾರ್ಜು 90% ದಾಟಬಾರದು, 70 ಮೈಲಿ ಓಡುವಷ್ಟಕ್ಕಿಂತ ಕೆಳಗೂ ಇಳಿಯಬಾರದು.

ಇದನ್ನೆಲ್ಲ ಹೇಳಿದ್ದು ಕಾರು ಮಾಡಿದ ಕಂಪನಿಯೇ. 2021ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ತನ್ನ ಷೆವರ್ಲೆ ಬೋಲ್ಟ್ ಎಲೆಕ್ಟ್ರಿಕ್ ಕಾರಿನ ಮಾಲೀಕರಿಗೆ ಕೊಟ್ಟ ಸೂಚನೆಗಳಿವು. ನಮ್ಮ ಕಡೆ ಹುಲ್ಲಿನ ಬಣವೆಯನ್ನು ಮನೆಯಿಂದ ದೂರ ಒಟ್ಟುತ್ತಾರೆ, ಬೆಂಕಿ ಬಿದ್ದರೆ ಮನೆಯಾದರೂ ಉಳಿಯಲಿ ಅಂತ. ಆದ್ರೆ ಬಣವೆಗೆ ಯಾರೂ ಇಎಂಐ ಕಟ್ಟಲ್ಲ.

ರೀಕಾಲ್ ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ತಪ್ಪು ಕಂಡಾಗ ವಾಪಸ್ ಕರೆಯೋದೇ ಮರ್ಯಾದೆ. ನನ್ನ ತಕರಾರು, ವಾಪಸ್ ಕರೆದು ಮೊದಲು ಏನು ಮಾಡಿದರು ಅನ್ನೋದರ ಬಗ್ಗೆ.

ದೋಷ ಇದ್ದದ್ದು ಎಲ್‌ಜಿ ತಯಾರಿಸಿದ ಬ್ಯಾಟರಿ ಸೆಲ್‌ಗಳಲ್ಲಿ. ಕೆಲವು ಸೆಲ್‌ಗಳಲ್ಲಿ ಆನೋಡಿನ ಟ್ಯಾಬ್ ಹರಿದಿತ್ತು, ಎರಡು ಧ್ರುವಗಳನ್ನು ಬೇರೆ ಇಡುವ ತೆಳು ಪೊರೆ ಮಡಚಿಕೊಂಡಿತ್ತು. ಎರಡೂ ಒಂದೇ ಸೆಲ್‌ನಲ್ಲಿ ಸೇರಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. ಅಂದ್ರೆ ಇದು ಕಾರ್ಖಾನೆಯಲ್ಲಿ ಆದ ಎಡವಟ್ಟು. ಹರಿದ ಟ್ಯಾಬನ್ನು ಯಾವ ಕೋಡೂ ಹೊಲಿಯಲ್ಲ.

ಆದರೂ 2020ರ ನವೆಂಬರ್‌ನಲ್ಲಿ 68 ಸಾವಿರಕ್ಕೂ ಹೆಚ್ಚು ಕಾರುಗಳಿಗೆ ಮೊದಲು ಕೊಟ್ಟ ಔಷಧಿ ಸಾಫ್ಟ್‌ವೇರೇ. ಚಾರ್ಜು 90%ಗೆ ನಿಲ್ಲುವ ಹಾಗೆ ಮಾಡಿದರು. 383 ಕಿ.ಮೀ. ಓಡುತ್ತೆ ಅಂತ ಕೊಂಡ ಕಾರು ಸುಮಾರು 345ಕ್ಕೆ ಇಳಿಯಿತು. ಕೆಲವು ತಿಂಗಳ ನಂತರ, ಬ್ಯಾಟರಿಯ ಅಸಹಜತೆ ಪತ್ತೆ ಮಾಡುತ್ತೆ ಅನ್ನೋ ಹೊಸ ಸಾಫ್ಟ್‌ವೇರ್ ಹಾಕಿ ಆ ಮಿತಿ ತೆಗೆದರು. 2021ರ ಜುಲೈನಲ್ಲಿ ವರ್ಮಾಂಟ್ ರಾಜ್ಯದ ಒಬ್ಬ ಶಾಸಕರ ಬೋಲ್ಟ್ ಅವರ ಮನೆಯಂಗಳದಲ್ಲೇ ಹೊತ್ತಿ ಉರಿಯಿತು. ಆ ಕಾರಿಗೆ ರಿಪೇರಿ ಆಗಿತ್ತು! ಅದೇ ತಿಂಗಳು ಎರಡನೇ ರೀಕಾಲ್. ಆಗಸ್ಟ್ ಹೊತ್ತಿಗೆ ಅದು ಅಲ್ಲಿಯವರೆಗೆ ಮಾಡಿದ ಎಲ್ಲ ಬೋಲ್ಟ್‌ಗಳಿಗೂ ಹಬ್ಬಿ ಸಂಖ್ಯೆ 1.4 ಲಕ್ಷ ದಾಟಿತು. ಬ್ಯಾಟರಿ ಮಾಡ್ಯೂಲ್ ಬದಲಿಸುವ ಮಾತು ಬಂದದ್ದು ಈ ಎರಡನೇ ರೀಕಾಲ್‌ನಲ್ಲೇ.

ಹ್ಯುಂಡೈ ಕೋನಾದ್ದೂ ಇದೇ ಕಥೆ. ಕೊರಿಯಾದಲ್ಲಿ ಮೊದಲು ಸಾಫ್ಟ್‌ವೇರ್ ಅಪ್‌ಡೇಟ್, 2021ರ ಜನವರಿಯಲ್ಲಿ ಅಪ್‌ಡೇಟ್ ಆದ ಕಾರಿಗೇ ಬೆಂಕಿ, ಮರುತಿಂಗಳು ಸುಮಾರು 82 ಸಾವಿರ ವಾಹನಗಳ ಬ್ಯಾಟರಿ ಬದಲಿಸುವ ನಿರ್ಧಾರ. 2020ರ ಡಿಸೆಂಬರ್‌ನಲ್ಲಿ ನಮ್ಮ ದೇಶದಲ್ಲೂ 456 ಕೋನಾಗಳನ್ನು ತಪಾಸಣೆಗೆ ಕರೆದಿದ್ದರು.

ನಾವು ಸಾಫ್ಟ್‌ವೇರಿನವರು ಇದನ್ನ ದಿನಾ ಮಾಡ್ತೀವಿ, ಸುಳ್ಳು ಯಾಕೆ. ಶುಕ್ರವಾರ ಸಂಜೆ ಪ್ರೊಡಕ್ಷನ್‌ನಲ್ಲಿ ಏನೋ ಕೈಕೊಡುತ್ತೆ, ಕಾರಣ ಹುಡುಕಲು ಟೈಮಿಲ್ಲ, ಒಂದು ಲಿಮಿಟ್ ಹಾಕಿ ಟಿಕೆಟ್ ಕ್ಲೋಸ್ ಮಾಡ್ತೀವಿ. ನಮ್ಮಲ್ಲಿ ಹೆಚ್ಚೆಂದರೆ ಒಂದು ಪೇಜು ನಿಧಾನ ಆಗುತ್ತೆ. ಇಲ್ಲಿ ಆ ಟಿಕೆಟ್ ತೆರೆದೇ ಇತ್ತು, ಅದರ ಪಕ್ಕದಲ್ಲೇ ಜನ ಮಲಗಿದ್ದರು.

ಮಾಲೀಕರ ದೂರುಗಳನ್ನು ಈ ಕಣ್ಣಿಂದ ಓದಬೇಕು. ಗ್ಯಾರೇಜ್ ಇದ್ದೂ ಕಾರು ಬೀದಿಯಲ್ಲಿ. ಚಳಿಗೆ ಮೊದಲೇ ಕುಗ್ಗುವ ರೇಂಜಿನಲ್ಲಿ ಇನ್ನಷ್ಟು ಕಡಿತ. ಕೆಲವು ಪಾರ್ಕಿಂಗ್ ಜಾಗಗಳಲ್ಲಂತೂ ಬೋಲ್ಟ್‌ಗೆ ಪ್ರವೇಶವಿಲ್ಲ ಅನ್ನೋ ಬೋರ್ಡು. ಕಂಪನಿಯ ಎಡವಟ್ಟಿಗೆ ದಿನಾ ಕಂತು ಕಟ್ಟಿದ್ದು ಗಿರಾಕಿ.

ಕೊನೆಗೆ ಆದದ್ದು ಒಳ್ಳೇದೇ, ಅದನ್ನೂ ಹೇಳಬೇಕು. 2017ರಿಂದ 2019ರ ಕಾರುಗಳಿಗೆ ಹೊಸ ಬ್ಯಾಟರಿ ಮಾಡ್ಯೂಲ್‌ಗಳು ಬಂದವು, ಜೊತೆಗೆ 8 ವರ್ಷದ ಹೊಸ ವಾರಂಟಿ. ಸುಮಾರು 200 ಕೋಟಿ ಡಾಲರ್ ಖರ್ಚಿನಲ್ಲಿ 190 ಕೋಟಿವರೆಗೆ ಎಲ್‌ಜಿ ಹೊರಲು ಒಪ್ಪಿತು. ಆದ್ರೆ ಆಮೇಲಿನ ಬಹಳಷ್ಟು ಕಾರುಗಳಿಗೆ 2023ರಲ್ಲಿ ಸಿಕ್ಕಿದ್ದು ಮತ್ತೆ ಸಾಫ್ಟ್‌ವೇರ್: ಸುಮಾರು 10,000 ಕಿ.ಮೀ. ಓಡುವವರೆಗೆ ಚಾರ್ಜು 80% ಮಾತ್ರ, ಅಷ್ಟರಲ್ಲಿ ದೋಷ ಸಿಕ್ಕರೆ ಬ್ಯಾಟರಿ ಬದಲು. ಈ ಸಾಫ್ಟ್‌ವೇರ್‌ಗೆ ಕೆಟ್ಟ ಸೆಲ್ ಹುಡುಕುವ ಕೆಲಸವಾದರೂ ಇದೆ. ಆದರೂ ಪರೀಕ್ಷೆ ನಡೆಯುವುದು ಮಾಲೀಕನ ಕಾರಿನಲ್ಲಿ, ಮಾಲೀಕನ ಕಿಲೋಮೀಟರುಗಳಲ್ಲಿ.

ಈಗ ನಮ್ಮ ಅಪಾರ್ಟ್‌ಮೆಂಟಿಗೆ ಬನ್ನಿ. ಬೇಸ್‌ಮೆಂಟಿನಲ್ಲಿ ಕಾರಿಗೆ ಕಾರು ತಾಗೋ ಹಾಗೆ ನಿಂತಿರುತ್ತೆ, ಚಾರ್ಜರ್ ಪಾಯಿಂಟೂ ಅಲ್ಲೇ. 50 ಅಡಿ ಎಲ್ಲಿಂದ ತರೋಣ? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಿಂದ, ದೋಷವಿರುವ ವಾಹನಗಳನ್ನು ವಾಪಸ್ ಕರೆಸುವ ಅಧಿಕಾರ ಸರ್ಕಾರಕ್ಕೆ ಬಂದಿದೆ. ಆ ಅಧಿಕಾರ ಚಲಾಯಿಸುವಾಗ ಮಾಲೀಕರ ದೂರುಗಳೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಸರ್ವೀಸ್ ಸೆಂಟರಿನವರು 'ಅಪ್‌ಡೇಟ್ ಹಾಕಿದೀವಿ ಸಾರ್, ಸರಿ ಹೋಯ್ತು' ಅಂದಾಗ ಸುಮ್ಮನೆ ಕೀ ಇಸ್ಕೊಂಡು ಬರಬೇಡಿ. ಈ ಅಪ್‌ಡೇಟ್ ದೋಷ ತೆಗೆಯುತ್ತಾ, ಹುಡುಕುತ್ತಾ, ಇಲ್ಲ ಬರೀ ನನ್ನ ಚಾರ್ಜು ಕಡಿಮೆ ಮಾಡುತ್ತಾ? ಉತ್ತರ ಬರವಣಿಗೆಯಲ್ಲಿ ಕೇಳಿ. ಬರೆದು ಕೊಡಲ್ಲ ಅಂದ್ರೆ, ದೋಷ ಇನ್ನೂ ಕಾರಿನೊಳಗೇ ಇದೆ ಅಂತಲೇ ತಿಳ್ಕೊಂಡು ದೂರು ದಾಖಲಿಸಿ.