ಒಬ್ಬನ ಸುಳ್ಳು, ಸಮುದಾಯದ ಸತ್ಯ: ‘ರಿಪೆಂಟೆನ್ಸ್’ ಕಥನದಲ್ಲಿ ಸೆರೆಮನೆ ಮತ್ತು ಪೂರ್ವಗ್ರಹ

ಅನ್ಯಗ್ರಹಗಳ ಕಥೆಯ ನೆಪದಲ್ಲಿ ತನ್ನ ಸಮಾಜವನ್ನೇ ವಿಚಾರಣೆಗೆ ಒಳಪಡಿಸುವುದು ವೈಜ್ಞಾನಿಕ ಕಥನ ಪರಂಪರೆಯ ಮುಖ್ಯ ಲಕ್ಷಣಗಳಲ್ಲೊಂದು. ಅಮೆರಿಕದ ‘ಸ್ಟಾರ್ ಟ್ರೆಕ್: ವಾಯೇಜರ್’ ದೂರದರ್ಶನ ಸರಣಿಯಲ್ಲಿ ೨೦೦೧ರಲ್ಲಿ ಪ್ರಸಾರವಾದ ‘ರಿಪೆಂಟೆನ್ಸ್’ (ಪಶ್ಚಾತ್ತಾಪ) ಎಂಬ ಕಂತು ಈ ದೃಷ್ಟಿಯಿಂದ ಪರಿಶೀಲನಾರ್ಹವಾದುದು. ಸೆರೆಮನೆಗೂ ಜನಾಂಗೀಯ ಪೂರ್ವಗ್ರಹಕ್ಕೂ ಇರುವ ಸಂಬಂಧವನ್ನು ಅದು ಎತ್ತಿಕೊಳ್ಳುವ ಬಗೆ, ಕೈಬಿಡುವ ಬಗೆ ಎರಡೂ ಚರ್ಚೆಗೆ ಅರ್ಹವಾಗಿವೆ.

ಮರಣದಂಡನೆಗೆ ಗುರಿಯಾದವರನ್ನು ಸಾಗಿಸುತ್ತಿದ್ದ ನೈಜಿಯನ್ನರ ನೌಕೆಯೊಂದು ಅಪಾಯಕ್ಕೆ ಸಿಲುಕಿದಾಗ ವಾಯೇಜರ್ ನೌಕೆಯವರು ಕೈದಿಗಳನ್ನೂ ಕಾವಲುಗಾರರನ್ನೂ ರಕ್ಷಿಸುತ್ತಾರೆ. ಕೈದಿಗಳಿಗೆ ಊಟ ಒದಗಿಸುವ ನೀಲಿಕ್ಸ್‌ನಿಗೆ ಜೋಲೆಗ್ ಎಂಬ ಬೆಂಕರನ್ ಪರಿಚಯವಾಗುತ್ತಾನೆ. ತಾನು ನಿರಪರಾಧಿ, ಬೆಂಕರನ್ ಆಗಿರುವುದೇ ತನಗೆ ಶಿಕ್ಷೆಯಾಗಲು ಕಾರಣ ಎಂಬುದು ಅವನ ವಾದ. ಅಲ್ಪಸಂಖ್ಯಾತರಾದ ತನ್ನವರೇ ನೈಜಿಯನ್ನರ ಸೆರೆಮನೆಗಳನ್ನು ತುಂಬಿದ್ದಾರೆಂದೂ ಆತ ಹೇಳುತ್ತಾನೆ. ಇದನ್ನು ನಂಬಿದ ನೀಲಿಕ್ಸ್, ಅವನು ಸಹೋದರನಿಗೆ ಬರೆದ ಪತ್ರವನ್ನು ರವಾನಿಸಲು ನೆರವಾಗುತ್ತಾನೆ. ಆ ಪತ್ರವೇ ಕೈದಿಗಳನ್ನು ಬಿಡಿಸಿಕೊಳ್ಳುವ ದಾಳಿಗೆ ದಾರಿಯಾಗುತ್ತದೆ.

ಜೋಲೆಗ್ ವಂಚಕನಾಗಿರುವುದು ಕೃತಿಯ ದೋಷವಲ್ಲ. ತುಳಿತಕ್ಕೊಳಗಾದವರೆಲ್ಲ ಸಜ್ಜನರೇ ಆಗಿರಬೇಕೆಂಬ ನಿರೀಕ್ಷೆಯೂ ಒಂದು ಬಗೆಯ ಪೂರ್ವಗ್ರಹವೇ. ಆದರೆ ಅವನ ವಂಚನೆ ಬಯಲಾದ ಮೇಲೆ ಕಥನವು ಐಕೋ ಎಂಬ ಮತ್ತೊಬ್ಬ ಕೈದಿಯ ಪಶ್ಚಾತ್ತಾಪದ ಕಡೆಗೆ ಹೊರಳುತ್ತದೆ. ಅವನ ಕ್ರೌರ್ಯಕ್ಕೆ ಮಿದುಳಿನ ದೋಷ ಕಾರಣವೆಂದು ತಿಳಿದರೂ ಮರಣದಂಡನೆ ತಪ್ಪುವುದಿಲ್ಲ. ಈ ಭಾಗ ಮನಕಲಕುವಂತಿದೆಯೆಂಬುದು ನಿಜ. ಆದರೆ ಬೆಂಕರನ್ನರ ಪ್ರಶ್ನೆಗೆ ಮಾತ್ರ ಉತ್ತರ ದೊರೆಯುವುದಿಲ್ಲ. ಒಬ್ಬನ ಸುಳ್ಳಿನಿಂದ ಸಮುದಾಯವೊಂದರ ದೂರೇ ಹುಸಿಯಾಯಿತೆಂಬ ಭಾವನೆ ಪ್ರೇಕ್ಷಕನಲ್ಲಿ ಉಳಿಯುತ್ತದೆ.

ಇದೇ ತರ್ಕದ ಇನ್ನೊಂದು ಮುಖವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೮೭ರಲ್ಲಿ ನೀಡಿದ ಮೆಕ್ಲೆಸ್ಕಿ ಪ್ರಕರಣದ ತೀರ್ಪಿನಲ್ಲಿ ಕಾಣಬಹುದು. ಜಾರ್ಜಿಯ ರಾಜ್ಯದಲ್ಲಿ ಬಿಳಿಯರನ್ನು ಕೊಂದ ಆರೋಪಿಗಳಿಗೆ ಮರಣದಂಡನೆಯಾಗುವ ಸಾಧ್ಯತೆ, ಕರಿಯರನ್ನು ಕೊಂದವರಿಗಿಂತ ೪.೩ ಪಟ್ಟು ಹೆಚ್ಚೆಂದು ಡೇವಿಡ್ ಬಾಲ್ಡಸ್ ಮತ್ತು ಸಂಗಡಿಗರ ಅಧ್ಯಯನವು ತೋರಿಸಿತ್ತು. ಅಂಕಿಅಂಶಗಳು ಸರಿಯೆಂದು ಭಾವಿಸಿದರೂ, ಈ ಕೈದಿಯ ವಿಚಾರದಲ್ಲೇ ಪಕ್ಷಪಾತ ನಡೆಯಿತೆಂದು ಅವು ರುಜುವಾತುಪಡಿಸುವುದಿಲ್ಲವೆಂದು ೫-೪ರ ಬಹುಮತದ ತೀರ್ಪು ಹೇಳಿತು. ವಾರನ್ ಮೆಕ್ಲೆಸ್ಕಿಯನ್ನು ೧೯೯೧ರಲ್ಲಿ ಮರಣದಂಡನೆಗೆ ಗುರಿಪಡಿಸಲಾಯಿತು. ತೀರ್ಪು ಬರೆದ ನ್ಯಾಯಮೂರ್ತಿ ಲೂಯಿಸ್ ಪವೆಲ್ ನಿವೃತ್ತಿಯ ತರುವಾಯ, ಅವಕಾಶವಿದ್ದರೆ ಆ ಮತವನ್ನು ಬದಲಿಸುತ್ತಿದ್ದೆನೆಂದು ಹೇಳಿದರು.

ನ್ಯಾಯಾಲಯಕ್ಕೆ ಸಮುದಾಯದ ಸತ್ಯವು ವ್ಯಕ್ತಿಯ ನೆರವಿಗೆ ಸಾಲಲಿಲ್ಲ. ಕಥನದಲ್ಲಿ ವ್ಯಕ್ತಿಯ ಸುಳ್ಳು ಸಮುದಾಯದ ಸತ್ಯವನ್ನು ಮರೆಮಾಡಿತು. ಎರಡೂ ಕಡೆ ಪ್ರಶ್ನೆಯಿಂದ ಪಾರಾದುದು ವ್ಯವಸ್ಥೆಯೇ. ಸೆರೆಮನೆಗಳಲ್ಲಿ ಯಾರು ತುಂಬಿದ್ದಾರೆ, ಏಕೆ ತುಂಬಿದ್ದಾರೆ ಎಂಬ ಪ್ರಶ್ನೆಯನ್ನು ಕೇಳುವ ಧೈರ್ಯ ಈ ಕಂತಿಗಿತ್ತು. ಕೇಳಿದವನು ಅಪ್ರಾಮಾಣಿಕನೆಂದು ತಿಳಿದ ಬಳಿಕವೂ ಆ ಪ್ರಶ್ನೆಯನ್ನು ಉಳಿಸಿಕೊಳ್ಳುವ ಧೈರ್ಯ ಅದಕ್ಕೆ ಇರಲಿಲ್ಲ. ಅದನ್ನು ಉಳಿಸಿಕೊಳ್ಳಬೇಕಾದ ಹೊಣೆ ಈಗ ಪ್ರೇಕ್ಷಕನದು.