ಗೆರೆ ಎಳೆಯುವ ವೈದ್ಯರು

ಎಂಬಿಬಿಎಸ್ ಮುಗಿಸಿ ರೇಡಿಯೇಷನ್ ಆಂಕಾಲಜಿ (ವಿಕಿರಣದಿಂದ ಕ್ಯಾನ್ಸರ್ ಚಿಕಿತ್ಸೆ) ಎಂ.ಡಿ.ಗೆ ಸೇರಿದವರು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ 3 ವರ್ಷ ಕಲಿಯುವುದರಲ್ಲಿ ನನಗೆ ಅತ್ಯಂತ ಗೌರವವಿರುವುದು ಗೆರೆ ಎಳೆಯುವ ಕೆಲಸದ ಬಗ್ಗೆ. ರೋಗಿಯ ಸಿ.ಟಿ. ಚಿತ್ರಗಳು ಕೆಲವೇ ಮಿಲಿಮೀಟರ್ ಅಂತರದಲ್ಲಿ ಒಂದೊಂದಾಗಿ ಪರದೆಗೆ ಬರುತ್ತವೆ. ವಿಕಿರಣ ಎಲ್ಲಿ ಬೀಳಬೇಕೆಂದು ತೋರಿಸಲು ಒಂದೊಂದರಲ್ಲೂ ಗಡ್ಡೆಯ ಅಂಚನ್ನು ಗೆರೆ ಎಳೆದು ಗುರುತಿಸಬೇಕು. ಕಣ್ಣಿಗೆ ಕಾಣದೆ ರೋಗ ಹಬ್ಬಿರಬಹುದಾದ ಜಾಗವನ್ನೂ ಸೇರಿಸಬೇಕು. ಗಂಟಲಿನ ಕ್ಯಾನ್ಸರಾದರೆ ಹತ್ತಿರದಲ್ಲೇ ಬೆನ್ನುಹುರಿ ಇದೆ, ಜೊಲ್ಲಿನ ಗ್ರಂಥಿಗಳಿವೆ. ಗೆರೆ ಒಳಸರಿದರೆ ರೋಗ ಉಳಿದೀತು. ಹೊರಸರಿದರೆ ಬಾಯಿ ವರ್ಷಗಟ್ಟಲೆ ಒಣಗಿ, ರೋಗಿಗೆ ಮುದ್ದೆ ನುಂಗುವುದೂ ಕಷ್ಟವಾದೀತು.

ಹಿರಿಯರು ಆ ಗೆರೆಗಳನ್ನು ತಿದ್ದುತ್ತಾರೆ, ಇಲ್ಲೇಕೆ ನಿಲ್ಲಿಸಿದೆ ಎಂದು ಕೇಳುತ್ತಾರೆ. ಪುಸ್ತಕವೊಂದರಿಂದಲೇ ಇದು ಬರುವಂಥದ್ದಲ್ಲ. ಭೌತವಿಜ್ಞಾನಿಗಳ ಜೊತೆ ಕೂತು ಡೋಸಿನ ಲೆಕ್ಕ ಅರಿಯಬೇಕು. ವಿಕಿರಣವನ್ನು ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ಡೋಸಿನ ಅಳತೆ) ಹಲವು ವಾರ ಹಂಚಿ ಕೊಡುವುದೇಕೆಂದು ತಿಳಿಯಬೇಕು (ನಡುವಿನ ಬಿಡುವಿನಲ್ಲಿ ಆರೋಗ್ಯವಂತ ಜೀವಕೋಶಗಳು ಚೇತರಿಸಿಕೊಳ್ಳುತ್ತವೆ). ಗರ್ಭಕಂಠದ ಕ್ಯಾನ್ಸರಿಗೆ ಬ್ರಾಕಿಥೆರಪಿ (ದೇಹದೊಳಗಿಂದಲೇ ವಿಕಿರಣ ಕೊಡುವ ಚಿಕಿತ್ಸೆ) ಸಾಧನ ಕೂರಿಸುವುದನ್ನಂತೂ ಗುರುವಿನ ಪಕ್ಕ ನಿಂತೇ ಕಲಿಯಬೇಕು.

ವೈದ್ಯಕೀಯ ಓದುತ್ತಿರುವ ಮಕ್ಕಳೇ, ಪಿ.ಜಿ. ಸೀಟು ಆರಿಸುವ ಮುನ್ನ ಈ ವಿಭಾಗದಲ್ಲಿ ಒಂದು ದಿನ ಕೂತು ನೋಡಿ.