ಮೂರು ಚುಕ್ಕಿ, ಒಂದು ಮುಖ

ಜುಟ್ಟು ಕಿತ್ತ ತೆಂಗಿನಕಾಯಿಗೆ ಮೂರು ಕಣ್ಣು. ಎರಡು ಗಟ್ಟಿ, ಒಂದು ಮೆತ್ತಗೆ. ಮೊಳಕೆ ಹೊರಬರುವುದು ಆ ಮೆತ್ತನೆಯದರಿಂದ. ನೋಡುವವರಿಗೆ ಮಾತ್ರ ಅವು ಎರಡು ಕಣ್ಣು, ಒಂದು ತೆರೆದ ಬಾಯಿ. ಪೋರ್ಚುಗೀಸ್ ನಾವಿಕರಿಗೂ ಹಾಗೆಯೇ ಕಂಡಿರಬೇಕು: ತಮ್ಮೂರಿನಲ್ಲಿ ಮಕ್ಕಳನ್ನು ಹೆದರಿಸುವ ಗುಮ್ಮನ ಹೆಸರಾದ ‘ಕೋಕೊ’ವನ್ನೇ ಈ ಕಾಯಿಗೂ ಅಂಟಿಸಿದರು.

ಇಲ್ಲದ ಮುಖ ಕಾಣುವ ಈ ಗುಣಕ್ಕೆ ಪ್ಯಾರೈಡೋಲಿಯಾ ಎಂದು ಹೆಸರು. ಮುಖ ಕಂಡರೆ ಚುರುಕಾಗುವ ಭಾಗವೊಂದು ಮಿದುಳಿನ ತಳಮಗ್ಗುಲಲ್ಲಿದೆ. ನ್ಯಾನ್ಸಿ ಕ್ಯಾನ್‌ವಿಶರ್ ಮತ್ತು ಸಂಗಡಿಗರು 1997ರಲ್ಲಿ ಅದನ್ನು ವಿವರಿಸಿದರು. ಎರಡು ಚುಕ್ಕಿ, ಕೆಳಗೊಂದು ಗೀಟು ಸಿಕ್ಕರೂ ಅದು ಸುಮ್ಮನಿರದು.

ಇಂಥ ಮುಖಗಳ ಬೇಟೆಗೆ ಮ್ಯಾಕ್ರೊ ಲೆನ್ಸ್ ಒಳ್ಳೆಯ ಜೊತೆ. ಅಕ್ರೋಟಿನ ಕೊಂಬೆಯಲ್ಲಿ ಎಲೆ ಉದುರಿದ ಜಾಗವನ್ನು ಬರಿಗಣ್ಣು ದಾಟಿ ಹೋಗುತ್ತದೆ. ಹತ್ತಿರ ಹೋದರೆ, ರಸ ಹರಿಯುತ್ತಿದ್ದ ನಾಳಗಳ ಮೂರು ಗುರುತು ಸೇರಿ ಕೋತಿಯ ಮೂತಿ ಎದ್ದುಬರುತ್ತದೆ. ವಸ್ತು ಎಷ್ಟಿದೆಯೋ ಅಷ್ಟೇ ಗಾತ್ರದಲ್ಲಿ ಸೆನ್ಸರ್ ಮೇಲೆ ಬೀಳುವಷ್ಟು ಸಮೀಪದಿಂದ ತೆಗೆದಾಗ, ಎಫ್ 8ರಲ್ಲೂ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಒಂದು ಮಿಲಿಮೀಟರ್. ಫೋಕಸ್ ಕಣ್ಣಿನ ಕುಳಿಗಳ ಮೇಲೆ ಕೂರಬೇಕು, ಕ್ಯಾಮೆರಾ ಟ್ರೈಪಾಡ್ ಮೇಲೆ.

ಆದರೂ ಅರ್ಧಕ್ಕಿಂತ ಹೆಚ್ಚು ಕೆಲಸ ಬೆಳಕಿನದು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಕುಳಿಗಳೆಲ್ಲ ತುಂಬಿಹೋಗಿ ತೊಗಟೆ ಬರೀ ತೊಗಟೆಯಾಗುತ್ತದೆ. ಎಳೆಬಿಸಿಲು ಓರೆಯಾಗಿ ಬಿದ್ದರೆ ಅದೇ ಕುಳಿ ದಿಟ್ಟಿಸುತ್ತದೆ. ಹತ್ತಿರದ ಚಿತ್ರವಲ್ಲದಿದ್ದರೂ ಇದಕ್ಕೆ ಮಂಗಳನಷ್ಟು ಚೆಂದದ ಸಾಕ್ಷಿ ಬೇರಿಲ್ಲ. 1976ರ ಜುಲೈ 25ರಂದು ವೈಕಿಂಗ್ 1 ನೌಕೆ ಸಿಡೋನಿಯಾ ಪ್ರದೇಶದಲ್ಲಿ ಸೆರೆಹಿಡಿದ ‘ಮುಖ’ಕ್ಕೆ ಕಣ್ಣು, ಬಾಯಿ ಕೊಟ್ಟದ್ದು ಇಳಿಬಿಸಿಲಿನ ನೆರಳು. 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ಇನ್ನಷ್ಟು ಸ್ಪಷ್ಟವಾಗಿ ತೆಗೆದಾಗ ಉಳಿದದ್ದು ಸವೆದ ಗುಡ್ಡ ಮಾತ್ರ.

ಯಾವ ದಿಕ್ಕಿನಿಂದ ನೋಡಬೇಕೆಂಬುದೂ ಮುಖ್ಯ. ಭಾರತದಲ್ಲಿ ಗೇರುಮರಗಳ ಮೇಲೂ ಕಾಣಸಿಗುವ ಕ್ಯಾಟಕ್ಯಾಂಥಸ್ ಇನ್‌ಕಾರ್ನೇಟಸ್ ಎಂಬ ತಿಗಣೆ ಜಾತಿಯ ಕೀಟದ ಕೆಂಪು ಅಥವಾ ಹಳದಿ ಬೆನ್ನಿನಲ್ಲಿ ಮನುಷ್ಯನ ಮುಖವೇ ಇದೆ. ಆದರೆ ಕೀಟ ತಲೆಕೆಳಗಾಗಬೇಕು: ಆಗ ರೆಕ್ಕೆಯ ಕಪ್ಪು ತುದಿ ತಲೆಗೂದಲಾಗುತ್ತದೆ, ಎರಡು ಚುಕ್ಕಿ ಕಣ್ಣಾಗುತ್ತವೆ. ಇಂಥ ಚಿತ್ರಗಳಲ್ಲಿ ಹೆಚ್ಚಿನವು ಕೆಡುವುದು ಕತ್ತರಿಯಿಂದ. ಕಾಲು, ಮೀಸೆ, ಎಲೆಯಂಚು ಎಲ್ಲ ಕತ್ತರಿಸಿ ಹೋದರೆ ಉಳಿಯುವುದು ಜಾತ್ರೆಯ ಮುಖವಾಡ. ಆರೂ ಕಾಲು ಚೌಕಟ್ಟಿನೊಳಗಿದ್ದರೆ ಒಮ್ಮೆ ಕೀಟ, ಒಮ್ಮೆ ಮನುಷ್ಯ.